ಗೋಳಗುಮ್ಮಟದ ಊರಿನಿಂದ ರಿಯಾಕ್ಟರ್ ಗುಮ್ಮಟಕ್ಕೆ: ಸಿವಿಲ್ ಓದುವವರಿಗೆ ಒಂದು ದಾರಿ

ಕಳೆದ ದೀಪಾವಳಿಗೆ ವಿಜಯಪುರಕ್ಕೆ ಹೋದಾಗ ಪಕ್ಕದ ಮನೆ ಹುಡುಗ ಬಂದು ನಮ್ಮ ಕಟ್ಟೆ ಮೇಲೆ ಕೂತ. ಬಾಗಲಕೋಟೆಯಲ್ಲಿ ಸಿವಿಲ್ ಎಂಜಿನಿಯರಿಂಗ್, ಐದನೇ ಸೆಮಿಸ್ಟರ್.

"ಕಾಕಾ, ನೀವು ಅಣುಸ್ಥಾವರದಾಗ ಕೆಲ್ಸಾ ಮಾಡ್ತೀರಿ ಅಂತಾರ. ಆದ್ರ ನೀವು ಸಿವಿಲ್ ಅಲ್ರೀ? ಅಲ್ಲಿ ಸಿವಿಲ್‌ನವ್ರಿಗೆ ಏನ್ ಕೆಲ್ಸಾ ಇರ್ತದ್ರೀ?"

"ರಿಯಾಕ್ಟರ್ ಏನ್ ಗಾಳಿಯಾಗ ನಿಂತಿರ್ತದೇನೋ ತಮ್ಮಾ?" ಅಂದೆ.

ಅವನು ನಕ್ಕ. ಆದರೆ ಎದ್ದು ಹೋಗಲಿಲ್ಲ. ಅವತ್ತು ಎರಡು ತಾಸು ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಕ್ರಮವಾಗಿ ಬರೆದಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಸಿವಿಲ್ ಓದುತ್ತಿರುವ ಹುಡುಗ ಹುಡುಗಿಯರಿಗೆ ಉಪಯೋಗಕ್ಕೆ ಬರಲಿ ಅಂತ. ನಮ್ಮ ಕಡೆಯವರಿಗೆ ಈ ಕೆಲಸ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಕೈಗಾ ಅಣುಸ್ಥಾವರ ಮಾತ್ರ ಬೆಳಗಾವಿಯಿಂದ ಕೆಲವೇ ತಾಸಿನ ದಾರಿ.

1. ಮೊದಲು ಗೋಳಗುಮ್ಮಟ ಹತ್ತಿ ಬನ್ನಿ

ತಮಾಷೆಗೆ ಹೇಳುತ್ತಿಲ್ಲ. ಗೋಳಗುಮ್ಮಟ 1656ರ ಹೊತ್ತಿಗೆ ಮುಗಿದ ಕಟ್ಟಡ. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ನಡುವೆ ಒಂದೇ ಒಂದು ಕಂಬ ಇಲ್ಲ. ಕೈಗಾದ 220 ಮೆಗಾವ್ಯಾಟ್ ರಿಯಾಕ್ಟರ್ ಕಟ್ಟಡದ ಒಳ ಗುಮ್ಮಟವೂ ಹೆಚ್ಚು ಕಡಿಮೆ ಅದೇ ಅಳತೆಯದು, ನಲವತ್ತು ಮೀಟರ್ ಆಸುಪಾಸು. ಆದರೆ ಗೋಳಗುಮ್ಮಟದ ದಪ್ಪ ಸುಮಾರು 3 ಮೀಟರ್. ಕೈಗಾದ್ದು ಬಹುತೇಕ ಕಡೆ ಅರ್ಧ ಮೀಟರ್‌ಗಿಂತ ತೆಳು.

ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ನೀವು ಸುಮ್ನೆ ಗೋಡೆಗೆ ಒರಗಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಗುಮ್ಮಟದ ಮೇಲೆ ಇರುವ ಭಾರ ಯಾವ ಕಡೆಗೆ? ಕೆಳಗೆ. ಅದರದೇ ತೂಕ. ಕಲ್ಲು, ಇಟ್ಟಿಗೆ, ಗಾರೆ ಎಲ್ಲವೂ ಒತ್ತಿಸಿಕೊಳ್ಳುವುದರಲ್ಲಿ ಗಟ್ಟಿ. ಹಾಗಾಗಿ ಮುನ್ನೂರೈವತ್ತು ವರ್ಷ ದಾಟಿದರೂ ನಿಂತಿದೆ.

ರಿಯಾಕ್ಟರ್ ಗುಮ್ಮಟದ ಲೆಕ್ಕ ಇದಕ್ಕೆ ಉಲ್ಟಾ. ಒಳಗೆ ಬಿಸಿನೀರಿನ ದೊಡ್ಡ ಪೈಪು ಒಡೆಯಿತು ಅಂದುಕೊಳ್ಳಿ. ಹಬೆ ತುಂಬುತ್ತದೆ, ಒತ್ತಡ ಒಳಗಿನಿಂದ ಹೊರಗೆ ತಳ್ಳುತ್ತದೆ. ಕಟ್ಟಡ ಬಲೂನಿನ ಹಾಗೆ ಉಬ್ಬಲು ನೋಡುತ್ತದೆ. ಎಳೆತದಲ್ಲಿ ಕಾಂಕ್ರೀಟಿನ ಶಕ್ತಿ ಒತ್ತಿಸಿಕೊಳ್ಳುವಾಗ ಇರುವುದರ ಹತ್ತನೇ ಒಂದು ಪಾಲು ಇದ್ದರೆ ಹೆಚ್ಚು. ಅದಕ್ಕೇ ಮೊದಲೇ ಉಕ್ಕಿನ ಕೇಬಲ್‌ಗಳನ್ನು ಸುತ್ತಿ, ಜಗ್ಗಿ, ಬಿಗಿ ಮಾಡಿಟ್ಟಿರುತ್ತೇವೆ. ಚಕ್ಕಡಿ ಗಾಲಿಗೆ ಕಂಬಾರ ಹಳಿ ಹಾಕುವುದನ್ನು ನೋಡಿದ್ದೀರಾ? ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ, ಮೇಲೆ ನೀರು ಸುರಿಯುತ್ತಾನೆ. ಹಳಿ ಕುಗ್ಗಿ ಕಟ್ಟಿಗೆಯನ್ನು ಹಿಡಿದು ಹಿಂಡುತ್ತದೆ. ಪ್ರೀಸ್ಟ್ರೆಸ್ಸಿಂಗ್ ಅಂದರೆ ಇಷ್ಟೇ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಮನೆ ಸ್ಲ್ಯಾಬಿನಲ್ಲಿ ಕೂದಲೆಳೆ ಬಿರುಕು ಬಂದರೆ ಸಿಮೆಂಟ್ ಹಾಲು ಸವರಿ ಮರೆತುಬಿಡುತ್ತೇವೆ. ಇಲ್ಲಿ ಆರಪಾರ ಬಿರುಕು ಅಂದರೆ ವಿಕಿರಣ ತುಂಬಿದ ಗಾಳಿಗೆ ಬಾಗಿಲು ತೆರೆದ ಹಾಗೆ. ಕಟ್ಟಡ ಬೀಳದಿದ್ದರೆ ಸಾಲದು, ಸೋರಬಾರದು. ಸೋರುವುದಿಲ್ಲ ಅನ್ನುವುದನ್ನು ಲೆಕ್ಕದಲ್ಲೂ ತೋರಿಸಬೇಕು, ನಿಜವಾಗಿ ಗಾಳಿ ತುಂಬಿಯೂ ತೋರಿಸಬೇಕು. ಸ್ಥಾವರ ಶುರುವಾಗುವ ಮೊದಲು ಇಡೀ ಕಟ್ಟಡಕ್ಕೆ ಕಂಪ್ರೆಸರ್‌ನಿಂದ ಗಾಳಿ ತುಂಬಿ, ವಿನ್ಯಾಸದ ಒತ್ತಡಕ್ಕಿಂತ ಸ್ವಲ್ಪ ಜಾಸ್ತಿಯೇ ಏರಿಸಿ, ಗೋಡೆ ಎಷ್ಟು ಉಬ್ಬಿತು, ಎಲ್ಲಿ ಬಿರುಕು ಬಂತು ಅಂತ ಅಳೆಯುತ್ತಾರೆ. ಆಮೇಲೆ ಎಷ್ಟು ಗಾಳಿ ಸೋರಿತು ಅನ್ನುವ ಲೆಕ್ಕ. ನೀವು ಕಂಪ್ಯೂಟರಿನಲ್ಲಿ ತೆಗೆದ ಉತ್ತರಕ್ಕೆ ಇಂಥ ಪರೀಕ್ಷೆ ಬೇರೆ ಯಾವ ಕಟ್ಟಡದಲ್ಲೂ ಆಗುವುದಿಲ್ಲ.

ಕೆಲಸ ಗುಮ್ಮಟದ್ದಷ್ಟೇ ಅಲ್ಲ. ಮೀಟರ್‌ಗಟ್ಟಲೆ ದಪ್ಪದ ತಳಪಾಯ, ಬಳಸಿದ ಇಂಧನ ಇಡುವ ನೀರಿನ ತೊಟ್ಟಿ, ಪಂಪ್‌ಹೌಸ್, ಚಿಮಣಿ, ಕಂಟ್ರೋಲ್ ರೂಮಿನ ಕಟ್ಟಡ, ಪೈಪಿನ ಸಪೋರ್ಟುಗಳು ಎಲ್ಲವೂ ಸಿವಿಲ್‌ನವರ ಪಾಲಿಗೇ.

2. ಕಾಲೇಜಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದದ್ದು

ಸ್ಟ್ರಕ್ಚರಲ್ ಅನಾಲಿಸಿಸ್, ಆರ್‌ಸಿಸಿ, ಸ್ಟೀಲ್ ಇವನ್ನು ಎಲ್ಲರೂ ಓದುತ್ತಾರೆ. ನಾನು ಹೇಳುವುದು ನಾವು ಸಾಮಾನ್ಯವಾಗಿ ಆಪ್ಷನ್‌ನಲ್ಲಿ ಬಿಟ್ಟುಬಿಡುವ ಮೂರು ವಿಷಯಗಳ ಬಗ್ಗೆ.

ಮೊದಲನೆಯದು ಡೈನಾಮಿಕ್ಸ್, ಅಂದರೆ ಅಲುಗಾಟದ ಲೆಕ್ಕ. ಸಾಮಾನ್ಯ ಕಟ್ಟಡಕ್ಕೆ ಐಎಸ್ 1893 ಅನ್ನುವ ಭಾರತೀಯ ಮಾನದಂಡ ತೆಗೆದು ಭೂಕಂಪದ ಬಲ ಲೆಕ್ಕ ಹಾಕುವಾಗ ಕೊನೆಗೆ ಒಂದು ಅಂಕಿಯಿಂದ ಭಾಗಿಸುತ್ತೀರಿ, ನೆನಪಿದೆಯಾ? ಡಕ್ಟೈಲ್ ಡೀಟೇಲಿಂಗ್, ಅಂದರೆ ಮುರಿಯದೆ ಬಾಗುವ ಹಾಗೆ ಸರಳು ಕಟ್ಟಿದ ಫ್ರೇಮಿಗೆ ಆ ಅಂಕಿಯ (ಹೆಸರು R) ಬೆಲೆ 5. ಅಂದರೆ ದೊಡ್ಡ ಭೂಕಂಪ ಬಂದರೆ ಕಟ್ಟಡ ಬಿರುಕು ಬಿಡಲಿ, ಬಾಗಲಿ, ಜನ ಉಳಿದರೆ ಸಾಕು ಅಂತ ಒಪ್ಪಿಕೊಂಡ ಹಾಗೆ. ಅಣುಸ್ಥಾವರದ ಸುರಕ್ಷತೆಗೆ ಬೇಕಾದ ಕಟ್ಟಡಗಳಿಗೆ ಈ ರಿಯಾಯಿತಿ ಇಲ್ಲ. ಪೂರ್ತಿ ಬಲವನ್ನು ತಡೆದುಕೊಳ್ಳಬೇಕು.

ಎಷ್ಟು ದೊಡ್ಡ ಭೂಕಂಪ? ನಮ್ಮಲ್ಲಿ ಎರಡು ಮಟ್ಟ ಇಟ್ಟುಕೊಳ್ಳುತ್ತೇವೆ. ಎಸ್-1 ಅಂದರೆ ಸುಮಾರು 100 ವರ್ಷಕ್ಕೊಮ್ಮೆ ಬರಬಹುದಾದದ್ದು. ಎಸ್-2 ಅಂದರೆ ಸುಮಾರು 10,000 ವರ್ಷಕ್ಕೊಮ್ಮೆ. ಎಸ್-2 ಬಂದರೂ ರಿಯಾಕ್ಟರ್ ನಿಲ್ಲಿಸಿ, ತಣ್ಣಗೆ ಇಟ್ಟುಕೊಳ್ಳಲು ಬೇಕಾದ ಎಲ್ಲವೂ ನಡೆಯಬೇಕು. "ನಮ್ದು ಗಟ್ಟಿ ನೆಲ, ಇಲ್ಲಿ ಎಲ್ಲಿ ಭೂಕಂಪ" ಅನ್ನುವವರು ಮನೆಯ ಹಿರಿಯರನ್ನು ಕೇಳಿ. 1967ರ ಡಿಸೆಂಬರಿನ ಕೊಯ್ನಾ ಭೂಕಂಪ ಬೆಳಗಾವಿಯವರಿಗೆ, 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ವಿಜಯಪುರದವರಿಗೆ ನೆನಪಿರುತ್ತದೆ. ಆ ಎರಡೂ ದಖ್ಖನ್ನಿನ ಗಟ್ಟಿ ನೆಲದಲ್ಲೇ ಆದವು.

ಇಲ್ಲಿ ಫ್ಲೋರ್ ರೆಸ್ಪಾನ್ಸ್ ಸ್ಪೆಕ್ಟ್ರಮ್ ಅಂತ ಒಂದು ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಹೊಸಬರು ಹೆದರುತ್ತಾರೆ. ಹೆದರುವಂಥದ್ದೇನಿಲ್ಲ. ನಮ್ಮ ಕೆಂಪು ಬಸ್ಸಿನಲ್ಲಿ ಕೊನೆ ಸೀಟಿನಲ್ಲಿ ಕೂತು ಮುದ್ದೇಬಿಹಾಳಕ್ಕೆ ಹೋಗಿ ಬನ್ನಿ. ಹಂಪ್ ಒಂದೇ. ಡ್ರೈವರ್ ಸ್ವಲ್ಪ ಅಲ್ಲಾಡುತ್ತಾನೆ, ನೀವು ಸೀಟು ಬಿಟ್ಟು ಏಳುತ್ತೀರಿ. ಮೇಲಿನ ಕ್ಯಾರಿಯರ್‌ನಲ್ಲಿರುವ ಸ್ಟೀಲ್ ಡಬ್ಬಿ ಗಡಗಡ ಅನ್ನುತ್ತದೆ, ಅದರ ಪಕ್ಕದ ಜೋಳದ ಚೀಲಕ್ಕೆ ಗೊತ್ತೇ ಆಗುವುದಿಲ್ಲ. ನೆಲ ಅಲುಗಿದಾಗ ಕಟ್ಟಡದ ಪ್ರತಿ ಮಹಡಿ ಬೇರೆ ಬೇರೆ ಥರ ಅಲುಗುತ್ತದೆ. ಆ ಮಹಡಿ ಮೇಲಿರುವ ಪಂಪು, ಪ್ಯಾನೆಲ್, ಪೈಪು ತಮ್ಮ ತಮ್ಮ ಸ್ವಭಾವಕ್ಕೆ ತಕ್ಕಂತೆ ಕುಣಿಯುತ್ತವೆ. ಯಾವ ಮಹಡಿಯಲ್ಲಿ ಯಾವ ಸ್ವಭಾವದ ವಸ್ತು ಎಷ್ಟು ಕುಣಿಯುತ್ತದೆ ಅನ್ನುವ ಗ್ರಾಫನ್ನು ಸಿವಿಲ್‌ನವರು ತೆಗೆದು ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರ ಕೈಗೆ ಕೊಡಬೇಕು. ಅವರ ಪೂರ್ತಿ ಲೆಕ್ಕ ನಮ್ಮ ಈ ಗ್ರಾಫಿನ ಮೇಲೆ ನಿಂತಿರುತ್ತದೆ. ನಾವು ತಪ್ಪಿದರೆ ಎಲ್ಲರೂ ತಪ್ಪುತ್ತಾರೆ.

ಎರಡನೆಯದು ಉಷ್ಣತೆಯ ಪರಿಣಾಮ. ಇದರ ಬಗ್ಗೆ ಸಂದರ್ಶನದ ಭಾಗದಲ್ಲಿ ಹೇಳುತ್ತೇನೆ.

ಮೂರನೆಯದು ಪ್ರೀಸ್ಟ್ರೆಸ್ಡ್ ಕಾಂಕ್ರೀಟ್. ಇದರ ಮಾನದಂಡ ಐಎಸ್ 1343 ಅನ್ನು ಸುಮ್ನೆ ಪಾಸಾಗಲು ಓದಬೇಡಿ. ಯಾಕೆ ಅನ್ನುವುದಕ್ಕೆ ನಮ್ಮ ಕೈಗಾದ್ದೇ ಉದಾಹರಣೆ ಇದೆ. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಕೈಗಾ ಒಂದನೇ ಘಟಕದ ಒಳ ಗುಮ್ಮಟದ ಕೆಳಪದರ ಕಳಚಿ ಬಿತ್ತು. ಇಂಧನ ಇನ್ನೂ ಬಂದಿರಲಿಲ್ಲ, ಹಾಗಾಗಿ ವಿಕಿರಣದ ಪ್ರಶ್ನೆ ಇರಲಿಲ್ಲ. ಆದರೆ ದೇಶದ ಸ್ಟ್ರಕ್ಚರಲ್ ಎಂಜಿನಿಯರುಗಳೆಲ್ಲ ಎದ್ದು ಕೂತರು.

ಕಾರಣ ಕಾಗದದ ಮೇಲೆ ಎರಡು ಸಾಲಿನದು. ಬಾಗಿದ ಕೇಬಲ್ ಜಗ್ಗಿದರೆ ಅದು ಬಾಗಿನ ಕೇಂದ್ರದ ಕಡೆಗೆ ಒತ್ತುತ್ತದೆ. ಎಷ್ಟು? ಜಗ್ಗಿದ ಬಲವನ್ನು ತ್ರಿಜ್ಯದಿಂದ ಭಾಗಿಸಿ. 200 ಟನ್ ಜಗ್ಗಿದ ಕೇಬಲ್, 30 ಮೀಟರ್ ತ್ರಿಜ್ಯ ಅಂದರೆ ಪ್ರತಿ ಮೀಟರಿಗೆ ಆರೂವರೆ ಟನ್ನಿಗಿಂತ ಜಾಸ್ತಿ. ಈ ಕೇಬಲ್ ಗುಮ್ಮಟದ ದಪ್ಪದ ನಡುವೆ ಎಲ್ಲೋ ಇರುತ್ತದೆ. ಕೇಬಲಿನ ಕೆಳಗಿನ ಪದರವನ್ನು ಅದು ಒಳಗೆ ದಬ್ಬುತ್ತದೆ, ಮೇಲಿನ ಪದರ ಹಿಂದೆ ಉಳಿಯುತ್ತದೆ. ಎರಡೂ ಬೇರೆಯಾಗಲು ನೋಡುತ್ತವೆ, ಉಳ್ಳಾಗಡ್ಡಿ ಪದರ ಬಿಟ್ಟ ಹಾಗೆ. ಅವನ್ನು ಹಿಡಿದಿಡಲು ದಪ್ಪದ ಆರಪಾರ ಸರಳು ಬೇಕು. ಅದು ಸಾಕಷ್ಟು ಇರಲಿಲ್ಲ. ಆಮೇಲೆ ಗುಮ್ಮಟದ ವಿನ್ಯಾಸ ಬದಲಾಯಿತು, ಸಿಲಿಕಾ ಫ್ಯೂಮ್ ಅನ್ನುವ ನುಣ್ಣನೆ ಪುಡಿ ಹಾಕಿದ, ಎಂ60 ದರ್ಜೆಯ ಗಟ್ಟಿ ಕಾಂಕ್ರೀಟಿನಲ್ಲಿ ಹೊಸದಾಗಿ ಕಟ್ಟಿದರು. 2000ನೇ ಇಸವಿಯಲ್ಲಿ ಆ ಘಟಕ ವಿದ್ಯುತ್ ಕೊಡಲು ಶುರು ಮಾಡಿತು. ಅದೇ ಒಂದನೇ ಘಟಕ 2018ರ ಕೊನೆಗೆ ನಿಲ್ಲದೆ 962 ದಿನ ಓಡಿ ವಿಶ್ವದಾಖಲೆ ಬರೆಯಿತು. ಪತ್ರಿಕೆಗಳಲ್ಲಿ ದಾಖಲೆ ಸುದ್ದಿ ಬಂತು, ಗುಮ್ಮಟದ ಕತೆ ಯಾರೂ ಬರೆಯಲಿಲ್ಲ. ಸಿವಿಲ್‌ನವರ ಹಣೆಬರಹವೇ ಅಷ್ಟು.

ಆರಂಭದಲ್ಲಿ ಸಾಫ್ಟ್‌ವೇರ್ ಹಿಂದೆ ಬೀಳಬೇಡಿ. ಎನ್ಸಿಸ್, ಅಬಾಕಸ್, ಸ್ಟಾಡ್ ಎಲ್ಲವೂ ಕೆಲಸಕ್ಕೆ ಸೇರಿದ ಮೇಲೆ ಕಲಿಯಬಹುದು. ಮೇಲಿನ ಭಾಗಾಕಾರವನ್ನು ಪೆನ್ನಿನಲ್ಲಿ ಮಾಡಲು ಬರಬೇಕು. ಕಂಪ್ಯೂಟರ್ ಬಣ್ಣಬಣ್ಣದ ಚಿತ್ರ ಕೊಟ್ಟಾಗ "ಇದು ಹೀಗಿರಲು ಸಾಧ್ಯವಿಲ್ಲ" ಅನ್ನುವ ಧೈರ್ಯ ಬರುವುದು ಅಲ್ಲಿಂದಲೇ.

3. ಒಳಗೆ ಹೋಗುವ ಬಾಗಿಲುಗಳು

ದೊಡ್ಡ ಬಾಗಿಲು ಎರಡು.

ಒಂದು ಬಾರ್ಕ್, ಅಂದರೆ ಮುಂಬೈ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ. ಅವರ ತರಬೇತಿ ಶಾಲೆ 1957ರಿಂದ ನಡೆಯುತ್ತಿದೆ. ಬಿಇ ಮುಗಿಸಿದವರಿಗೆ ಒಂದು ವರ್ಷದ ಓಸಿಇಎಸ್ ತರಬೇತಿ. ಅವರದೇ ಆನ್‌ಲೈನ್ ಪರೀಕ್ಷೆ ಅಥವಾ ಗೇಟ್ (ಎಂಜಿನಿಯರಿಂಗ್ ಓದಿದವರ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ, ಎರಡರಲ್ಲಿ ಯಾವುದರಿಂದಾದರೂ ಸಂದರ್ಶನಕ್ಕೆ ಕರೆ ಬರಬಹುದು. ಎಂಟೆಕ್ ಮಾಡುತ್ತಾ ಸೇರುವ ಡಿಜಿಎಫ್‌ಎಸ್ ಅನ್ನುವ ಇನ್ನೊಂದು ದಾರಿಯೂ ಇದೆ. ಸಂಶೋಧನೆ ಇಷ್ಟ ಇರುವವರಿಗೆ ಈ ಬಾಗಿಲು.

ಇನ್ನೊಂದು ಎನ್‌ಪಿಸಿಐಎಲ್, ಅಂದರೆ ಭಾರತೀಯ ಅಣುವಿದ್ಯುತ್ ನಿಗಮ. ಕೈಗಾ, ಕಾಕ್ರಾಪಾರ್, ರಾವತ್‌ಭಾಟಾ, ಕೂಡಂಕುಳಂ ಎಲ್ಲವನ್ನೂ ನಡೆಸುವ ಸಂಸ್ಥೆ. ಗೇಟ್ ಅಂಕದ ಮೇಲೆ ಎಕ್ಸಿಕ್ಯೂಟಿವ್ ಟ್ರೇನಿ ತೆಗೆದುಕೊಳ್ಳುತ್ತಾರೆ. ಸಿವಿಲ್‌ಗೆ ಸೀಟು ಮೆಕ್ಯಾನಿಕಲ್‌ನಷ್ಟು ಇರುವುದಿಲ್ಲ, ಅದು ಗೊತ್ತಿರಲಿ. ಕಟ್ಟುವುದು, ನಡೆಸುವುದು ಇಷ್ಟ ಇದ್ದರೆ ಈ ಬಾಗಿಲು.

ಎರಡೂ ಕಡೆ ಬಿಇಯಲ್ಲಿ ಶೇಕಡಾ 60 ಬೇಕು. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 26, ಒಬಿಸಿಗೆ 3 ವರ್ಷ, ಎಸ್‌ಸಿ ಎಸ್‌ಟಿಗೆ 5 ವರ್ಷ ಸಡಿಲಿಕೆ ಇಟ್ಟುಕೊಂಡು ಬಂದಿದ್ದಾರೆ. ನೀವು ಅರ್ಜಿ ಹಾಕುವ ವರ್ಷದ ನೋಟಿಫಿಕೇಶನ್ ಪೂರ್ತಿ ಓದಿ, ಯಾರೋ ಹೇಳಿದ್ದನ್ನು ನಂಬಬೇಡಿ. ಗೇಟ್ ಅಂಕ ಸಂದರ್ಶನದ ಬಾಗಿಲವರೆಗೆ ಮಾತ್ರ. ಒಳಗೆ ಹೋದ ಮೇಲೆ ಆಯ್ಕೆ ಸಂದರ್ಶನದ ಮೇಲೆಯೇ.

ನಮ್ಮ ಕಡೆ ಹುಡುಗರು ಎಡವುವ ಒಂದು ಜಾಗ ಇದೆ, ಜಾತಿ ಪ್ರಮಾಣಪತ್ರ. ನಾಡಕಚೇರಿಯಿಂದ ತಂದ 2ಎ, 3ಬಿ ಪತ್ರ ರಾಜ್ಯದ ಕೆಲಸಕ್ಕೆ. ಇವು ಕೇಂದ್ರದ ಸಂಸ್ಥೆಗಳು. ಕೇಂದ್ರದ ನಮೂನೆಯ ಒಬಿಸಿ ಪತ್ರವೇ ಬೇಕು, ಕೆನೆಪದರದಲ್ಲಿ ಇಲ್ಲ ಅಂತ ಅದರಲ್ಲಿ ಬರೆದಿರಬೇಕು. ರಾಜ್ಯದ ಪಟ್ಟಿಯಲ್ಲಿ ಇದ್ದವರೆಲ್ಲ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ. ಅರ್ಜಿ ತುಂಬುವ ಹಿಂದಿನ ದಿನ ತಹಶೀಲ್ದಾರ್ ಕಚೇರಿಗೆ ಓಡಬೇಡಿ, ಆರು ತಿಂಗಳು ಮೊದಲೇ ನೋಡಿಕೊಳ್ಳಿ.

ಡಿಪ್ಲೊಮಾದವರಿಗೂ ದಾರಿ ಇದೆ. ಸ್ಟೈಪೆಂಡಿಯರಿ ಟ್ರೇನಿ ಅಂತ ಕರೆಯುತ್ತಾರೆ, ತರಬೇತಿ ಮುಗಿದ ಮೇಲೆ ಸೈಂಟಿಫಿಕ್ ಅಸಿಸ್ಟೆಂಟ್. ನನ್ನ ಅನುಭವದಲ್ಲಿ ಸೈಟಿನ ನಿಜವಾದ ಯಜಮಾನರು ಇವರೇ.

ಸರ್ಕಾರಿ ಬಾಗಿಲು ಬೇಡ ಅಂದರೆ ಕನ್ಸಲ್ಟೆನ್ಸಿಗಳಿವೆ, ಟಾಟಾ ಕನ್ಸಲ್ಟಿಂಗ್ ಎಂಜಿನಿಯರ್ಸ್ ಥರದವು. ವಿನ್ಯಾಸದ ದೊಡ್ಡ ಪಾಲು ಅಲ್ಲೇ ಆಗುತ್ತದೆ. ಗುತ್ತಿಗೆ ಕಂಪನಿಗಳೂ ಇವೆ. ಕೈಗಾದಲ್ಲಿ 700 ಮೆಗಾವ್ಯಾಟಿನ 5 ಮತ್ತು 6ನೇ ಘಟಕ ಕಟ್ಟುವ ಗುತ್ತಿಗೆ 2025ರಲ್ಲಿ ಮೇಘಾ ಎಂಜಿನಿಯರಿಂಗ್‌ಗೆ ಸಿಕ್ಕಿದೆ. ಇಂಥ ಕಾಮಗಾರಿಗೆ ಸೈಟ್ ಎಂಜಿನಿಯರ್, ಕ್ವಾಲಿಟಿ ಎಂಜಿನಿಯರ್ ಬೇಕೇ ಬೇಕು.

ಒಂದು ಭ್ರಮೆ ಬಿಡಿಸಿಬಿಡುತ್ತೇನೆ. ಕೈಗಾ ಹತ್ತಿರ ಅಂತ ಅಲ್ಲೇ ಕೂತು ವಿನ್ಯಾಸ ಮಾಡಬಹುದು ಅಂದುಕೊಳ್ಳಬೇಡಿ. ಎನ್‌ಪಿಸಿಐಎಲ್‌ನ ವಿನ್ಯಾಸದ ಮೇಜು ಇರುವುದು ಮುಂಬೈ ಅಣುಶಕ್ತಿನಗರದಲ್ಲಿ. ಕೈಗಾದಲ್ಲಿರುವುದು ಕಟ್ಟುವ ಮತ್ತು ಕಾಯುವ ಕೆಲಸ.

4. ಸಂದರ್ಶನದಲ್ಲಿ

ಗೇಟ್ ಸಿವಿಲ್‌ನಲ್ಲಿ ನೀರು, ರಸ್ತೆ, ಮಣ್ಣು, ಸರ್ವೆ ಎಲ್ಲ ಬರುತ್ತದೆ. ಡೈನಾಮಿಕ್ಸ್ ಹೆಸರಿಗಷ್ಟೇ ಇದೆ. ಸಂದರ್ಶನದಲ್ಲಿ ಮಾತ್ರ ಲೆಕ್ಕಾಚಾರ ಬೇರೆ. ಎರಡು ಮೂರು ಇಷ್ಟದ ವಿಷಯ ಹೇಳಿ ಅನ್ನುತ್ತಾರೆ, ಆಮೇಲೆ ಅದರ ಬುಡ ಸಿಗುವವರೆಗೆ ಅಗೆಯುತ್ತಾರೆ.

ನಾನು ಹೊಸಬರಿಗೆ ಅಭ್ಯಾಸಕ್ಕೆ ಕೊಡುವ ಪ್ರಶ್ನೆ ಒಂದು. ಗೋಡೆಯಿಂದ ಚಾಚಿದ ಒಂದು ಕ್ಯಾಂಟಿಲಿವರ್. ಮೇಲ್ಮೈ ಬಿಸಿಲಿಗೆ ಕಾದಿದೆ, ಕೆಳಮೈ ತಂಪಾಗಿದೆ. ಬೆಂಡಿಂಗ್ ಮೊಮೆಂಟ್ (ಬಾಗಿಸುವ ಬಲ) ಎಷ್ಟು ಹೆಚ್ಚಾಯಿತು?

ಹತ್ತರಲ್ಲಿ ಏಳು ಜನ ಸೂತ್ರ ಬರೆಯಲು ಪೆನ್ನು ತೆಗೆಯುತ್ತಾರೆ. ಉತ್ತರ ಸೊನ್ನೆ. ತುದಿ ಕೆಳಗೆ ಬಾಗುತ್ತದೆ ಅಷ್ಟೇ, ಬಾಗಲು ಯಾರೂ ಅಡ್ಡ ಬರುತ್ತಿಲ್ಲ. ಸರಿ, ಈಗ ಎರಡೂ ತುದಿ ಬಿಗಿಯಾಗಿ ಹಿಡಿದಿದೆ ಅನ್ನಿ. ಆಗ ಮೊಮೆಂಟ್ ಬರುತ್ತದೆ, ಅದು ಬೀಮಿನ ಬಿಗಿತಕ್ಕೆ ತಕ್ಕಂತೆ. ಮುಂದಿನ ಪ್ರಶ್ನೆ ಮುಖ್ಯ: ಕಾಂಕ್ರೀಟ್ ಬಿರುಕು ಬಿಟ್ಟರೆ ಆ ಮೊಮೆಂಟ್ ಏನಾಗುತ್ತದೆ? ಬಿರುಕು ಬಿಟ್ಟರೆ ಬಿಗಿತ ಕಡಿಮೆ, ಬಿಗಿತ ಕಡಿಮೆಯಾದರೆ ಮೊಮೆಂಟೂ ಕಡಿಮೆ. ಭಾರದಿಂದ ಬರುವ ಮೊಮೆಂಟ್ ಹಾಗೆ ಇಳಿಯುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ರಿಯಾಕ್ಟರ್ ಕಟ್ಟಡದ ಗೋಡೆಗೆ ಬೇಡದ ಕಡೆ ಸರಳು ತುಂಬಿ, ಕೊನೆಗೆ ಕಾಂಕ್ರೀಟ್ ಇಳಿಯಲು ಜಾಗವೇ ಇಲ್ಲದ ಹಾಗೆ ಮಾಡುತ್ತೀರಿ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿಗೆ ಹೆದರಬೇಡಿ. ಬೋರ್ಡಿನ ಮೇಲೆ ಚಿತ್ರ ಬರೆದು ಬಾಣ ಹಾಕಿ ತೋರಿಸಿದರೆ ಭಾಷೆ ಅರ್ಧ ಕೆಲಸ ಮಾಡಿದರೂ ನಡೆಯುತ್ತದೆ.

5. ಬಾಗಿಲು ಮೊದಲ ಸಲ ತೆರೆಯದಿದ್ದರೆ

ಬಹಳ ಜನರಿಗೆ ತೆರೆಯುವುದಿಲ್ಲ. ಬೆಂಗಳೂರಿಗೆ ಹೋಗಿ ಪಿಜಿಯಲ್ಲಿ ಕೂತು ವರ್ಷಗಟ್ಟಲೆ ಗೇಟ್ ಓದುವುದಕ್ಕಿಂತ ಒಂದು ದೊಡ್ಡ ಕಾಂಕ್ರೀಟ್ ಕೆಲಸದಲ್ಲಿ ಎರಡು ವರ್ಷ ನಿಲ್ಲಿ ಅನ್ನುತ್ತೇನೆ. ನಮ್ಮ ಕಡೆ ಉದಾಹರಣೆಗಳಿಗೆ ಬರ ಇಲ್ಲ. ಆಲಮಟ್ಟಿ, ಹಿಡಕಲ್ ಜಲಾಶಯಗಳಿವೆ, ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳ ಉಷ್ಣಸ್ಥಾವರ ಇದೆ. ಅಣೆಕಟ್ಟು, ಸೇತುವೆ, ಪ್ರೀಸ್ಟ್ರೆಸ್ಡ್ ಗರ್ಡರ್, ಕೂಲಿಂಗ್ ಟವರ್ ಇವುಗಳ ಅನುಭವ ಅಣುಸ್ಥಾವರದ ಕಂಪನಿಗಳು ಕಣ್ಣಿಟ್ಟು ನೋಡುತ್ತವೆ. ಅಪಾರ್ಟ್‌ಮೆಂಟ್ ಅನುಭವ ಅಷ್ಟಾಗಿ ಅಲ್ಲ.

6. ಮೊದಲ ವರ್ಷ ಸೈಟಿನಲ್ಲಿ

ನಿಯಮ ಮಾಡುವವರು ಮತ್ತು ಕಾಯುವವರು ಎಇಆರ್‌ಬಿ, 1983ರಲ್ಲಿ ಶುರುವಾದ ಅಣುಶಕ್ತಿ ನಿಯಂತ್ರಣ ಮಂಡಳಿ. ಕಾಂಕ್ರೀಟ್ ಕಟ್ಟಡಗಳಿಗೆ ಅವರ ಸಿಎಸ್‌ಇ-1, ಉಕ್ಕಿಗೆ ಸಿಎಸ್‌ಇ-2 ಇವೆ. ಸೇರಿದ ಮೊದಲ ತಿಂಗಳೇ ಇವನ್ನು ಸಾಮಾನ್ಯ ಕಾಂಕ್ರೀಟಿನ ಮಾನದಂಡ ಐಎಸ್ 456ರ ಪಕ್ಕ ಇಟ್ಟುಕೊಂಡು, ಎಲ್ಲೆಲ್ಲಿ ಬೇರೆ ಇದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ.

ಸೈಟಿನಲ್ಲಿ ಕಾಂಕ್ರೀಟ್ ಹಾಕುವ ಮೊದಲು ಪೋರ್ ಕಾರ್ಡ್ ಅಂತ ಒಂದು ಹಾಳೆ ತಿರುಗುತ್ತದೆ. ಸರಳು ನೋಡಿದವರ ಸಹಿ, ಶಟರಿಂಗ್ ನೋಡಿದವರ ಸಹಿ, ಸರ್ವೆಯವರ ಸಹಿ, ಪೈಪಿನವರು, ವೈರಿಂಗಿನವರು, ಕ್ವಾಲಿಟಿಯವರು. ಎಲ್ಲ ಸಹಿ ಬೀಳುವವರೆಗೆ ಒಂದು ಬುಟ್ಟಿ ಕಾಂಕ್ರೀಟೂ ಬೀಳುವುದಿಲ್ಲ. ಮೊದಮೊದಲು ನನಗೆ ಇದು ಕಿರಿಕಿರಿ ಅನಿಸುತ್ತಿತ್ತು. ಒಂದು ಪ್ಲೇಟು ಬುದ್ಧಿ ಕಲಿಸಿತು.

ಗೋಡೆಯೊಳಗೆ ಎಂಬೆಡೆಡ್ ಪ್ಲೇಟು ಇಡುತ್ತೇವೆ. ಉಕ್ಕಿನ ತಟ್ಟೆ, ಹಿಂದೆ ಕೊಕ್ಕೆಗಳು. ಮುಂದೆ ಪೈಪಿನ ಸಪೋರ್ಟ್ ಬಂದು ಇದಕ್ಕೆ ವೆಲ್ಡ್ ಆಗುತ್ತದೆ. ಒಂದು ರಿಯಾಕ್ಟರ್ ಕಟ್ಟಡದಲ್ಲಿ ಇಂಥವು ಸಾವಿರಗಟ್ಟಲೆ. ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ದಪ್ಪ ಗೋಡೆಯಲ್ಲಿ ಪ್ಲೇಟುಗಳನ್ನು ಟೇಪು ಹಿಡಿದು ನೋಡಿ ಸಹಿ ಹಾಕಿದೆ. ಮೂರು ತಿಂಗಳ ಮೇಲೆ ಪೈಪಿನವರು ಬಂದರು. ಒಂದು ಪ್ಲೇಟು 75 ಮಿಲಿಮೀಟರ್ ಮೇಲಿದೆ. ನಾನು ಡ್ರಾಯಿಂಗ್ ತೆಗೆದು ತೋರಿಸಿದೆ, ಸರಿಯಾಗೇ ಇದೆ.

ನಮ್ಮ ಸೀನಿಯರ್ ಕೂಗಾಡಲಿಲ್ಲ. ಕನ್ನಡಕ ಮೇಲೆತ್ತಿ ಡ್ರಾಯಿಂಗಿನ ಮೂಲೆಯ ಚೌಕ ನೋಡಿದರು.

"ಇದು ಎಷ್ಟನೇ ರಿವಿಜನ್ರೀ?"

"ಎರಡನೇದು ಸರ್."

"ಕಪಾಟಿನಾಗ ಮೂರನೇದು ಐತಿ ನೋಡ್ರಿ."

ಬೇರೆ ಸೈಟಿನಲ್ಲಾದರೆ ಡ್ರಿಲ್ ಹೊಡೆದು ಆಂಕರ್ ಹಾಕಿ ಸಂಜೆಗೆ ಮುಗಿಸುತ್ತಿದ್ದೆವು. ಇಲ್ಲಿ ಆಗಲ್ಲ. ಡ್ರಿಲ್ ಸರಳಿಗೆ ತಾಗಬಹುದು, ಕೇಬಲಿಗೆ ತಾಗಬಹುದು. ಎನ್‌ಸಿಆರ್ ಬರೆದೆವು, ಅಂದರೆ ತಪ್ಪು ಆಗಿದೆ ಅಂತ ನಾವೇ ದಾಖಲೆ ಮಾಡುವ ಕಾಗದ. ಗೋಡೆಯನ್ನು ಸ್ಕ್ಯಾನ್ ಮಾಡಿ ಸರಳು ಎಲ್ಲಿದೆ ಗುರುತಿಸಿದೆವು. ವಿನ್ಯಾಸದವರು ಹೊಸ ಪ್ಲೇಟಿನ ಲೆಕ್ಕ ಮಾಡಿದರು. ಒಪ್ಪಿಗೆ ಬರಲು ಇಪ್ಪತ್ತೆರಡು ದಿನ. ನನ್ನ ಹಳೇ ಪ್ಲೇಟು ಇಂದಿಗೂ ಆ ಗೋಡೆಯಲ್ಲೇ ಇದೆ, ಯಾವುದಕ್ಕೂ ಉಪಯೋಗ ಇಲ್ಲದೆ, ಬಣ್ಣ ಬಳಿದುಕೊಂಡು. ಅವತ್ತಿನಿಂದ ಡ್ರಾಯಿಂಗ್ ಬಿಡಿಸಿದರೆ ನನ್ನ ಕಣ್ಣು ಮೊದಲು ಹೋಗುವುದು ಬಲಗಡೆ ಕೆಳಗಿನ ಮೂಲೆಗೆ.

ತಪ್ಪು ಮಾಡಿದರೆ ಮುಚ್ಚಿಡಬೇಡಿ. ಎನ್‌ಸಿಆರ್ ಬರೆದವನಿಗೆ ಬೈಗುಳ ಒಂದು ದಿನ. ಪ್ಲಾಸ್ಟರ್ ಬಳಿದು ಮುಚ್ಚಿದವನಿಗೆ ಕೆಲಸವೇ ಹೋಗಬಹುದು, ಹೋಗಬೇಕು ಕೂಡ.

ಕಾಂಕ್ರೀಟ್ ಬಗ್ಗೆ ಒಂದೆರಡು ಮಾತು. ದಪ್ಪ ತಳಪಾಯ ಗಟ್ಟಿಯಾಗುವಾಗ ಒಳಗೆ ಕಾಯುತ್ತದೆ. ನಡುಭಾಗ 70 ಡಿಗ್ರಿ ದಾಟದಂತೆ, ಒಳಗೂ ಹೊರಗೂ ಸುಮಾರು 20 ಡಿಗ್ರಿಗಿಂತ ಜಾಸ್ತಿ ಅಂತರ ಆಗದಂತೆ ನೋಡಿಕೊಳ್ಳುವುದು ಸಾಮಾನ್ಯ ಪದ್ಧತಿ. ಅದಕ್ಕೆ ನೀರಿನ ಬದಲು ಐಸ್ ಹಾಕುತ್ತೇವೆ. ಸಾಧ್ಯವಾದಷ್ಟು ರಾತ್ರಿ ಹಾಕುತ್ತೇವೆ. ವಿಕಿರಣ ತಡೆಯಬೇಕಾದ ಕೆಲವು ಗೋಡೆಗಳಿಗೆ ಜಲ್ಲಿ ಬದಲು ಕಬ್ಬಿಣದ ಅದಿರು. ಸಾಮಾನ್ಯ ಕಾಂಕ್ರೀಟ್ ಘನ ಮೀಟರಿಗೆ ಸುಮಾರು 2,400 ಕಿಲೋ, ಇದು 3,500ರ ಆಚೆಗೂ ಹೋಗುತ್ತದೆ. ಹಳೇ ಲೆಕ್ಕದಲ್ಲೇ ಶಟರಿಂಗ್ ಕಟ್ಟಿದರೆ ಒಡೆದು ಹರಿಯುತ್ತದೆ. ಸರಳು ದಟ್ಟವಾಗಿರುವ ಕಡೆ ಮೊದಲು ಪಕ್ಕದಲ್ಲಿ ಅದೇ ಅಳತೆಯ ಒಂದು ಮಾದರಿ ಕಟ್ಟಿ, ಕೊಯ್ದು ನೋಡಿ, ಆಮೇಲೆ ನಿಜವಾದದ್ದು.

ಶಟರಿಂಗ್ ಬಿಚ್ಚಿದ ಮೇಲೆ ನಮ್ಮ ಒಬ್ಬ ಫೋರ್‌ಮನ್ ಸಣ್ಣ ಸುತ್ತಿಗೆಯಿಂದ ಗೋಡೆ ತಟ್ಟುತ್ತಾ ಹೋಗುತ್ತಿದ್ದರು. ಸಂತೆಯಲ್ಲಿ ಮಡಿಕೆ ತಟ್ಟಿ ಕೊಳ್ಳುವ ಹಾಗೆ. ಟಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ಟೊಳ್ಳು. ಅಲ್ಟ್ರಾಸಾನಿಕ್ ಯಂತ್ರ ತಂದು ನೋಡಿದರೆ ಅವರು ಸುಣ್ಣದಲ್ಲಿ ಗುಂಡು ಬರೆದ ಕಡೆಯೇ ಯಂತ್ರವೂ ತೋರಿಸುತ್ತಿತ್ತು. ಇಂಥವರ ಹಿಂದೆ ಒಂದು ತಿಂಗಳು ತಿರುಗಿ.

ಹೊಸದು ಕಟ್ಟುವುದಷ್ಟೇ ಕೆಲಸ ಅಲ್ಲ. 2011ರ ಫುಕುಶಿಮಾ ಆದ ಮೇಲೆ ನಮ್ಮ ಸ್ಥಾವರಗಳನ್ನೂ ಭೂಕಂಪ, ಪ್ರವಾಹದ ದೃಷ್ಟಿಯಿಂದ ಮತ್ತೆ ನೋಡಿದರು. ಹಳೇ ಘಟಕಗಳ ಒಳಗೆ ಟಾರ್ಚ್ ಹಿಡಿದು ನಡೆದು, ಯಾವ ಪ್ಯಾನೆಲ್‌ನ ಬೋಲ್ಟ್ ಸಡಿಲ, ಯಾವ ಇಟ್ಟಿಗೆ ಗೋಡೆ ಪಂಪಿನ ಮೇಲೆ ಬೀಳಬಹುದು ಅಂತ ಹುಡುಕುವುದೂ ನಮ್ಮ ಕೆಲಸವೇ. ನನಗೆ ಇದೇ ಹೆಚ್ಚು ಇಷ್ಟ.

7. ವಿಕಿರಣ, ಮನೆಯವರು, ಸಂಬಳ

ಅವ್ವ ಕೇಳುವ ಪ್ರಶ್ನೆ ಇದು. "ಅಲ್ಲೇನೂ ಆಗೂದಿಲ್ಲ ಹೌದಿಲ್ಲೋ?"

ಕಟ್ಟುವಾಗ ಇಂಧನವೇ ಇರುವುದಿಲ್ಲ, ಆಗ ನಿಮಗೆ ಇರುವ ಅಪಾಯ ಎತ್ತರದಿಂದ ಬೀಳುವುದು, ಕ್ರೇನು, ಕರೆಂಟು. ಹೆಲ್ಮೆಟ್, ಬೆಲ್ಟ್ ಬಿಡಬೇಡಿ. ನಡೆಯುತ್ತಿರುವ ಘಟಕದೊಳಗೆ ಹೋಗುವಾಗ ಎದೆ ಮೇಲೆ ಟಿಎಲ್‌ಡಿ ಅನ್ನುವ ಸಣ್ಣ ಬಿಲ್ಲೆ ಇರುತ್ತದೆ. ನೀವು ಎಷ್ಟು ವಿಕಿರಣ ತೆಗೆದುಕೊಂಡಿರಿ ಅನ್ನುವುದು ಅದರಲ್ಲಿ ದಾಖಲಾಗುತ್ತದೆ. ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ, ಯಾವುದೇ ಒಂದು ವರ್ಷ 30 ದಾಟಬಾರದು. ಸಾಮಾನ್ಯ ಜನರಿಗೆ ಸ್ಥಾವರದಿಂದ ವರ್ಷಕ್ಕೆ 1ರ ಮಿತಿ. ಏನೂ ಕೆಲಸ ಮಾಡದೆ ಮನೆಯಲ್ಲಿ ಕೂತರೂ ನೆಲ, ಆಕಾಶ, ಗಾಳಿಯಿಂದ ಪ್ರಪಂಚದ ಸರಾಸರಿ 2.4ರಷ್ಟು ಬರುತ್ತದೆ. ಅವ್ವನಿಗೆ ಈ ಅಂಕಿ ಹೇಳಿ ಉಪಯೋಗವಿಲ್ಲ. ಒಮ್ಮೆ ಕರೆದುಕೊಂಡು ಹೋಗಿ ಟೌನ್‌ಶಿಪ್‌ನಲ್ಲಿ ಮಕ್ಕಳು ಸೈಕಲ್ ಹೊಡೆಯುವುದನ್ನು ತೋರಿಸಿ.

ಸಂಬಳ ಕೇಂದ್ರ ಸರ್ಕಾರದ ಲೆಕ್ಕ. ತರಬೇತಿ ಮುಗಿದ ಮೇಲೆ ಸಿಗುವ ಸೈಂಟಿಫಿಕ್ ಆಫೀಸರ್ ಸಿ ಹುದ್ದೆ ಅಂದರೆ ಏಳನೇ ವೇತನ ಆಯೋಗದ 10ನೇ ಹಂತ, ಮೂಲ ವೇತನ 56,100 ರೂಪಾಯಿ, ಮೇಲೆ ಭತ್ಯೆಗಳು. ತರಬೇತಿ ಮುಗಿಸಿ ಮೂರು ವರ್ಷ ಕೆಲಸ ಮಾಡುತ್ತೇನೆ ಅಂತ ಬಾಂಡ್ ಬರೆದುಕೊಡಬೇಕು. ಪೊಲೀಸ್ ವೆರಿಫಿಕೇಶನ್ ಗಟ್ಟಿಯಾಗೇ ನಡೆಯುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಸ್ಪೆಲಿಂಗ್ ಇದ್ದರೆ ಈಗಲೇ ಸರಿ ಮಾಡಿಸಿಕೊಳ್ಳಿ. ನಮ್ಮ ಕಡೆ ಅಡ್ಡಹೆಸರಿನ ಗೊಂದಲ ಜಾಸ್ತಿ.

ಕೈಗಾದಲ್ಲೇ ಪೋಸ್ಟಿಂಗ್ ಸಿಕ್ಕಿತು ಅನ್ನಿ. ಕ್ವಾರ್ಟರ್ಸ್ ಇರುವುದು ಮಲ್ಲಾಪುರದಲ್ಲಿ, ಸ್ಥಾವರದಿಂದ ದೂರ, ಕಾಳಿ ನದಿಯ ಪಕ್ಕ. ಶಾಲೆ, ಆಸ್ಪತ್ರೆ ಅಲ್ಲೇ ಇವೆ. ಬೆಳಗಾವಿಯಿಂದ ಖಾನಾಪುರ, ಲೋಂಡಾ, ರಾಮನಗರ, ಜೋಯಿಡಾ ದಾಟಿ ಅಣಶಿ ಘಾಟ್ ಇಳಿದರೆ ಕದ್ರಾ, ಅಲ್ಲಿಂದ ಹತ್ತಿರ. ಮಳೆಗಾಲದಲ್ಲಿ ಘಾಟ್‌ನಲ್ಲಿ ಗುಡ್ಡ ಕುಸಿಯುವುದುಂಟು, ಹೊರಡುವ ಮೊದಲು ಅಲ್ಲಿಯವರಿಗೆ ಫೋನ್ ಮಾಡಿ. ಜೂನ್, ಜುಲೈನಲ್ಲಿ ಜಾಯಿನ್ ಆಗುವುದಾದರೆ ಛತ್ರಿ ನಂಬಬೇಡಿ, ಒಳ್ಳೆ ರೇನ್‌ಕೋಟ್ ತನ್ನಿ. ಸರ್ಟಿಫಿಕೇಟುಗಳಿಗೆ ಎರಡು ಪ್ಲಾಸ್ಟಿಕ್ ಚೀಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರೆ ಹಾಸ್ಟೆಲಿನಲ್ಲಿ ಮೊದಲ ದಿನವೇ ನಾಲ್ಕು ಜನ ಸ್ನೇಹಿತರಾಗುತ್ತಾರೆ. ಆದರೆ ಆ ಮಳೆಗೆ ಖಡಕ್ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ, ಬೇಗ ತಿಂದು ಮುಗಿಸಿ.